ಅರಗಿನ ಮುದ್ರೆ

ಗಿರಣಿ ಯಜಮಾನ ಗುರುಶಾಂತಪ್ಪನವರಿಗೆ ಡ್ರೈವರ್ ಪೆಟ್ರೋಲ್ ಕದಿಯುತ್ತಾನೆಂಬ ಗುಮಾನಿ. ಟ್ಯಾಂಕಿನ ಮುಚ್ಚಳದ ಮೇಲೆಲ್ಲ ಅರಗು ಸುರಿದು, ತಮ್ಮ ಉಂಗುರದ ಮುದ್ರೆ ಒತ್ತಿದರು. ಅಂದಿನಿಂದ ಹಳೇ ಕಾರು ನಿಂತಲ್ಲೇ ಚಳಿಜ್ವರ ಬಂದವರ ಹಾಗೆ ನಡುಗತೊಡಗಿತು.

“ನೀನೇ ಏನೋ ಮಾಡಿದ್ದೀಯ. ಮುದ್ರೆ ಮುಟ್ಟದೆ ಸರಿಮಾಡು, ಇಲ್ಲ ಕೆಲಸ ಬಿಡು.”

“ಏನಾಗಿದೆ ಅಂತ ಕಾರೇ ಹೇಳುತ್ತೆ ಯಜಮಾನ್ರೇ,” ಎಂದ ಡ್ರೈವರ್. “ಬಾಯಿ ಮುಚ್ಚಿ, ಮೂಗು ಹಿಡಿದು ಕೇಳಿ.”

ಗುರುಶಾಂತಪ್ಪ ಅವನ ಮೇಲೆ ಕಣ್ಣಿಟ್ಟೇ ಮೂಗು ಹಿಡಿದರು. ಮುಖ ಕೆಂಪೇರಿತು. ಕೊನೆಗೆ ಕೈ ಬಿಟ್ಟು ಏದುಸಿರು ಬಿಟ್ಟರು. “ಉಸಿರು ಕಟ್ಟಿತಲ್ಲೋ.”

“ಕಾರೂ ಅದನ್ನೇ ಹೇಳ್ತಿದೆ. ಮುಚ್ಚಳದಲ್ಲಿ ಗಾಳಿಯಾಡೋ ತೂತಿದೆ. ಅರಗು ಅದನ್ನ ಮುಚ್ಚಿಬಿಟ್ಟಿದೆ.”

ಯಜಮಾನರೇ ಅರಗು ಕೆರೆದರು. ಇಂಜಿನ್ ನಡುಕ ಬಿಟ್ಟು ಹಿತವಾಗಿ ಗುನುಗಿತು. ಅವರು ಬಗ್ಗಿ ಸೂಜಿಮೊನೆಯಷ್ಟು ತೂತನ್ನು ನೋಡಿದರು. ಆಮೇಲೆ ಡ್ರೈವರನ ತುಟಿ ನೋಡಿದರು.

“ಓಹೋ. ಇದರಲ್ಲೇನೋ ನೀನು ಹೀರ್ತಿದ್ದದ್ದು?”