ಹಿತ್ತಲ ಅಂಕಣಕ್ಕೆ ಮೂರು ಕೊಡ ನೀರು

ಹೊಳೆದಂಡೆಯ ಶಾಲೆಯಲ್ಲಿ ಕೊಟ್ರಪ್ಪ ಮೇಷ್ಟ್ರು ಮೂವತ್ತು ವರ್ಷ ಮಕ್ಕಳಿಗೆ ಬಾಲ್ ಬ್ಯಾಡ್ಮಿಂಟನ್ ಕಲಿಸಿದರು. ಅವರ ಕೈಯಲ್ಲಿ ಪಳಗಿದವರು ಬಹಳ. ರಾಜ್ಯದ ತಂಡದವರೆಗೆ ಹೋದವಳು ನೀಲಾಂಬಿಕೆ ಒಬ್ಬಳೇ.

ಅವಳು ಮೇಷ್ಟ್ರ ಉಪಕಾರ ಮರೆತವಳಲ್ಲ. ಸ್ವಂತ ಮನೆ ಆದ ಮೇಲೆ ಹಿತ್ತಲಲ್ಲಿ ಸಿಂಥೆಟಿಕ್ ಅಂಕಣ ಹಾಕಿಸಲು ನಿಂತಳು. ಕೇರಿಯ ಮಕ್ಕಳಿಗೆ ತಾನು ಕಲಿಸಬೇಕು, ಅಂಕಣದ ಮೇಲೆ ಮೊದಲ ಹೆಜ್ಜೆ ಮೇಷ್ಟ್ರದ್ದೇ ಆಗಬೇಕು. ಅವಳ ಆಸೆ ಇಷ್ಟೇ. ಗುರುಪೂರ್ಣಿಮೆಯ ದಿನ ಬರುತ್ತೇನೆಂದು ಮೇಷ್ಟ್ರು ಒಪ್ಪಿದರು.

ಕಾಂಕ್ರೀಟ್ ಒಣಗಿದ ಮೇಲೆ ಮೇಸ್ತ್ರಿ ಮೌಲಾಲಿ ಅದರ ಮೇಲೆ ನೀರು ಬಿಟ್ಟು ನೋಡಿದ.

"ಅಕ್ಕಾ, ಈ ಮೂಲೇಲಿ ನೀರು ನಿಲ್ತೈತೆ. ತಗ್ಗು ತುಂಬಬೇಕು. ಎರಡು ದಿನ ಕೊಡ್ರಿ."

"ನಾಳಿದ್ದೇ ಹುಣ್ಣಿಮೆ ಮೌಲಾಲಿ. ಮ್ಯಾಲೆ ಟೈಲ್ಸ್ ಬರ್ತಾವಲ್ಲ, ಯಾರಿಗೆ ಕಾಣ್ತೈತೆ?"

ಟೈಲ್ಸ್ ಎಂದರೆ ಒಂದಕ್ಕೊಂದು ಕೊಂಡಿ ಹಾಕಿ ಕೂರಿಸುವ, ಜಾಲರಿಯಂಥ ಹಸಿರು ಪ್ಲಾಸ್ಟಿಕ್ ಬಿಲ್ಲೆಗಳು. ಮೌಲಾಲಿ ತಲೆ ಕೆರೆದುಕೊಂಡು ಅವನ್ನು ಕೂರಿಸಿದ. ಮಾರನೆಯ ಸಂಜೆಗೆ ಹಿತ್ತಲು ಕಣ್ಣಿಗೆ ಹಬ್ಬವಾಗಿತ್ತು.

ಹುಣ್ಣಿಮೆಯ ಬೆಳಿಗ್ಗೆ ಮೇಷ್ಟ್ರು ಕೋಲೂರಿಕೊಂಡು ಬಂದರು. ಮಕ್ಕಳು ಬ್ಯಾಟು ಹಿಡಿದು ಸಾಲಾಗಿ ನಿಂತಿದ್ದರು. ರೇಷ್ಮೆ ಸೀರೆಯುಟ್ಟ ನೀಲಾಂಬಿಕೆ ಮೇಷ್ಟ್ರ ಕಾಲಿಗೆ ಬಿದ್ದಳು.

"ನಿಮ್ಮ ಋಣ ತೀರಿಸಾಕೆ ಆಗಲ್ಲ ಮೇಷ್ಟ್ರೆ. ನಮ್ಮ ಸಾಲಿ ಗ್ರೌಂಡು ಅಂಗೈ ಹಂಗಿತ್ತು. ಆರು ವರ್ಷದಾಗೆ ಒಂದು ದಿನಾನೂ ನನ್ನ ಕಾಲು ಉಳುಕಲಿಲ್ಲ. ಈ ಹುಡುಗರಿಗೂ ಅಂಥದ್ದೇ ಸಿಗ್ಲಿ ಅಂತ ಮಾಡ್ಸೀನಿ. ಹೆಜ್ಜೆ ಇಡ್ರಿ."

ಮೇಷ್ಟ್ರು ಹೆಜ್ಜೆ ಇಡಲಿಲ್ಲ.

"ಒಂದು ಕೊಡ ನೀರು ತಾ."

ಪಾದ ತೊಳೆಯುವುದಕ್ಕಿರಬೇಕು ಎಂದುಕೊಂಡು ಅವಳು ಓಡಿಹೋಗಿ ತಂದಳು. ಮೇಷ್ಟ್ರು ಅಂಚಿನಲ್ಲೇ ನಿಂತು ಕೊಡವನ್ನು ಅಂಕಣದ ಮೇಲೆ ಬಗ್ಗಿಸಿದರು.

"ಇನ್ನೊಂದು."

ಅದನ್ನೂ ಬಗ್ಗಿಸಿದರು. ಮೂರನೆಯದನ್ನೂ ಬಗ್ಗಿಸಿದರು. ನೀರು ಜಾಲರಿಯಲ್ಲಿ ಇಳಿದು ಮಾಯವಾಯಿತು. ಮಕ್ಕಳು ಚಪ್ಪಾಳೆ ತಟ್ಟಿದರು.

"ನೀರು ಎಲ್ಲಿಗೆ ಹೋತು ನೀಲಾ?"

"ಹರಿದು ಹೋತು ಮೇಷ್ಟ್ರೆ."

"ಹರಿದು ಎಲ್ಲಿಗೆ ಹೋತು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳ ಕಣ್ಣು ತಾನಾಗಿ ಮೂಲೆಗೆ ಹೋಯಿತು. ಮೇಷ್ಟ್ರು ನೆಲವನ್ನಲ್ಲ, ಆ ಕಣ್ಣನ್ನೇ ನೋಡುತ್ತಿದ್ದರು. ಅಂಚು ಬಳಸಿ ನಡೆದು ಮೂಲೆಗೆ ಹೋಗಿ ಕೋಲಿನಿಂದ ಒಂದು ಬಿಲ್ಲೆಯನ್ನು ಕುಟ್ಟಿದರು.

"ಇದನ್ನ ಎತ್ತು."

ಎತ್ತಿದಳು. ಅಡಿಯಲ್ಲಿ ನೀರು ಮಡುಗಟ್ಟಿ ನಿಂತಿತ್ತು. ಅವಳ ಮುಖ ಸಣ್ಣದಾಯಿತು.

"ನಿಮ್ಮ ಸಲುವಾಗಿ ಅವಸರ ಮಾಡಿದೆ ಮೇಷ್ಟ್ರೆ."

"ಇಲ್ಲಿ ಕುಣಿಯೋನು ನಾನೇನವ್ವಾ?"

ಅವಳು ಮಕ್ಕಳ ಕಡೆ ನೋಡಿದಳು. ಎಳೆಯ ಕಾಲುಗಳು. ಆ ತಗ್ಗಿನ ಮೇಲೆ ಬಿಲ್ಲೆ ಕುಸಿದರೆ ಯಾವ ಕಾಲು ಹೊರಳುತ್ತದೋ ಯಾರು ಬಲ್ಲರು?

"ಇವತ್ತು ಆಟ ಇಲ್ಲ ಮಕ್ಕಳಾ," ಎಂದಳು. "ಮೇಷ್ಟ್ರೆ, ನಿಮ್ಮನ್ನ ಸುಮ್ನೆ ಕರೆಸಿದಂಗಾತು."

"ನನ್ನ ಹೆಜ್ಜೆಗೇನು ಅವಸರ? ಎಂಬತ್ತು ವರ್ಷ ಕಾದೈತೆ. ಇದು ಒಣಗಲಿ, ಬರ್ತೀನಿ."

ಅವಳು ಸೀರೆ ಎತ್ತಿ ಸಿಕ್ಕಿಸಿ ಮೌಲಾಲಿಯನ್ನು ಕೂಗಿದಳು. ಇಬ್ಬರೂ ಮೂಲೆಯ ಬಿಲ್ಲೆಗಳನ್ನು ಕಿತ್ತು, ನೀರು ಒರೆಸಿ, ತಗ್ಗನ್ನು ಕೆತ್ತಿ ಒರಟು ಮಾಡಿ ಸಿಮೆಂಟು ಕಲಸಿದರು. ಮೇಷ್ಟ್ರು ಕೋಲು ಬದಿಗಿಟ್ಟು ಅಂಚಿನಾಚೆ ಕುಕ್ಕರಗಾಲಲ್ಲಿ ಕೂತು, ಮೌಲಾಲಿಯ ಕೈಯಿಂದ ಕರಣೆ ಇಸಿದುಕೊಂಡರು.

ಹಾಕಿದರು, ಒತ್ತಿದರು, ಒಂದು ಕಣ್ಣು ಮುಚ್ಚಿ ನೆಲದ ಮಟ್ಟಕ್ಕೆ ಬಗ್ಗಿ ನೋಡಿದರು. ಅಂಗೈಯಿಂದ ಸವರಿ ಮತ್ತೆ ನೋಡಿದರು. ಮೌಲಾಲಿ ಬಾಯಿ ಬಿಟ್ಟುಕೊಂಡು ನಿಂತ.

"ಗಾರೆ ಕೆಲಸದಾಗೇ ಹುಟ್ಟಿದ ಕೈ ಇದ್ದಂಗೈತೆ ಸಾರ್. ಯಾರತ್ರ ಕಲಿತ್ರಿ?"

"ಇವಳ ಬಲಗಾಲಿನ ಹತ್ರ."

ಮೌಲಾಲಿ ನಕ್ಕ. ನೀಲಾಂಬಿಕೆ ನಗಲಿಲ್ಲ.

ಸರ್ವಿಸ್ ಮಾಡುವಾಗ ಬಲ ಹಿಮ್ಮಡಿ ಊರಿ ತಿರುಗುವುದು ಅವಳ ಚಾಳಿ. ಶಾಲೆಯದು ಮಣ್ಣಿನ ಅಂಕಣ. ಹಾಗೆ ತಿರುಗಿದರೆ ಸಂಜೆಯೊಳಗೆ ಗುಂಡಿ ಬಿದ್ದೇ ಬೀಳಬೇಕು. ಆದರೆ ಬೆಳಿಗ್ಗೆ ಬಂದು ನೋಡಿದಾಗ ಗುಂಡಿಯೆಂಬುದನ್ನೇ ಅವಳು ಕಂಡಿರಲಿಲ್ಲ. ಕಂಡದ್ದು ಮೇಷ್ಟ್ರ ಪಂಚೆಯಂಚಿನ ಒದ್ದೆ ಮಣ್ಣು. ಹೊಳೆಯಲ್ಲಿ ಸ್ನಾನ ಮುಗಿಸಿ ಬಂದಿದ್ದಾರೆ ಅಂದುಕೊಂಡಿದ್ದಳು.

"ದಿನಾ ತುಂಬ್ತಿದ್ರಾ?"

"ಒಂದು ಪುಟ್ಟಿ ಹೊಳೆ ಮಣ್ಣು, ಒಂದು ಕೊಡ ನೀರು. ನಿನ್ನ ಹಿಮ್ಮಡಿ ಭಾರೀ ಜೋರಿತ್ತವ್ವಾ."

ಅವಳ ಕಣ್ಣು ತುಂಬಿ ಬಂತು. ಸಿಮೆಂಟು ಮೆತ್ತಿದ ಕೈಯಲ್ಲೇ ಅವರ ಪಾದ ಹಿಡಿದಳು. ಬೆಳಿಗ್ಗೆ ಕಾಲಿಗೆ ಬಿದ್ದಾಗ ತಾನು ಏನಕ್ಕಾಗಿ ಬೀಳುತ್ತಿದ್ದೇನೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಆರು ವರ್ಷ! ಒಂದು ಮಾತು ಹೇಳಬಾರದಿತ್ತಾ ಮೇಷ್ಟ್ರೆ?"

ಮೇಷ್ಟ್ರು ಕರಣೆಯನ್ನು ಅವಳ ಕೈಗಿಟ್ಟರು.

"ಹೇಳಿದ್ರೆ ನೀನು ನೆಲ ನೋಡ್ತಿದ್ದೆ. ಚೆಂಡು ಯಾರು ನೋಡ್ತಿದ್ರು?"