ಚಪ್ಪಲಿ ಕಾಯುವ ಸರದಿ

"ಬುದ್ಧಿ, ಜಪಾನಿನ ಕ್ಯೋಟೋ ನಗರಕ್ಕೆ ಹೊರಟಿದ್ದೇನೆ. ಹೋಗುತ್ತಿರುವುದು ಮೊದಲ ಸಲ, ಕೈಯಲ್ಲಿರುವುದು ಎರಡು ಮೂರು ದಿನ. ಅಲ್ಲಿ ಹೆಜ್ಜೆಗೊಂದು ಹಳೆಯ ದೇಗುಲವಂತೆ. ಯಾವುದನ್ನು ನೋಡಲಿ, ಯಾವುದನ್ನು ಬಿಡಲಿ?" ಎಂದು ಶಿಷ್ಯ ಗುರುಪಾದಪ್ಪ ಕೇಳಿದ.

"ಜೊತೆಗೆ ಯಾರು?" ಎಂದರು ಗುರುಗಳು.

"ಒಬ್ಬನೇ. ಮನೆಯವಳೂ ಬರುತ್ತೇನೆ ಎಂದಳು. ಮಂಡಿನೋವಿನವಳು, ಅವಳು ಮೆಟ್ಟಿಲು ಹತ್ತುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಮುಂದಿನ ಸಲ ನೋಡೋಣ ಎಂದಿದ್ದೇನೆ."

"ಕೂತುಕೋ" ಎಂದು ಗುರುಗಳು ಈ ಕತೆ ಹೇಳಿದರು.

ಒಬ್ಬ ರೇಷ್ಮೆ ವ್ಯಾಪಾರಿ ಇದ್ದ. ಒಮ್ಮೆ ದೇವಸ್ಥಾನದ ಬಾಗಿಲಲ್ಲಿ ಅವನ ಹೊಸ ಚಪ್ಪಲಿ ಕಳುವಾಯಿತು. ಅಂದಿನಿಂದ ಗಂಡ ಹೆಂಡತಿ ಯಾವ ದೇವಸ್ಥಾನಕ್ಕೂ ಜೊತೆಯಾಗಿ ಒಳಗೆ ಹೋಗಲಿಲ್ಲ. ಒಬ್ಬರು ಒಳಗೆ, ಇನ್ನೊಬ್ಬರು ಹೊರಗೆ ಚಪ್ಪಲಿ ಕಾವಲಿಗೆ. ಮೊದಲ ಸರದಿ ಯಾವಾಗಲೂ ಅವನದೇ.

"ನೀನು ಮೊದಲು ಹೋಗು" ಎಂದು ಬಾಯಿಮಾತಿಗೆ ಹೇಳುತ್ತಿದ್ದ.

"ನೀವು ಇಲ್ಲಿ ನಿಂತರೆ ಯಾರ ಜೊತೆಗಾದರೂ ರೇಷ್ಮೆ ದರ ಮಾತಾಡ್ತಾ ನಿಲ್ತೀರಿ. ಚಪ್ಪಲಿ ತಾನೇ ಎದ್ದು ನಡೆದುಹೋದರೂ ಗೊತ್ತಾಗಲ್ಲ. ಹೋಗಿಬನ್ನಿ, ನಾನಿದ್ದೀನಿ" ಎಂದು ಅವಳು ನಗುತ್ತಿದ್ದಳು.

ಅವನು ಹೊರಬರುವಷ್ಟರಲ್ಲಿ ಗರ್ಭಗುಡಿಗೆ ತೆರೆ ಎಳೆದಿರುತ್ತಿದ್ದರು, ಇಲ್ಲವೇ ಬಸ್ಸಿಗೆ ಹೊತ್ತಾಗಿರುತ್ತಿತ್ತು. "ಮುಂದಿನ ಸಲ ನೀನು" ಎನ್ನುತ್ತಿದ್ದ.

ಅವಳು ತೀರಿಕೊಂಡ ಮರುವರ್ಷ ವ್ಯಾಪಾರದ ಮೇಲೆ ಅವನು ಕ್ಯೋಟೋಗೆ ಹೋದ. ಕೆಲಸ ಮುಗಿದು ಒಂದು ದಿನ ಮಿಕ್ಕಿತು. ಬೆಳಿಗ್ಗೆ ಇಷ್ಟು ದೇಗುಲ, ಮಧ್ಯಾಹ್ನ ಇಷ್ಟು ಎಂದು ಗೊತ್ತುಮಾಡಿಕೊಂಡ. ಕಾಯುವವರಿಲ್ಲ, ಕಾಯಿಸುವವರಿಲ್ಲ, ಬೇಗ ಬೇಗ ನೋಡಬಹುದು ಎಂದುಕೊಂಡ.

ಮೊದಲ ದೇಗುಲದ ಮುಂದೆ ಒಂದು ಚಪ್ಪಡಿಕಲ್ಲು. ಜನ ಅಲ್ಲಿ ಪಾದರಕ್ಷೆ ಬಿಟ್ಟು ಒಳಗೆ ಹೋಗುತ್ತಿದ್ದರು. ಕಾವಲಿಗೆ ಯಾರೂ ಇರಲಿಲ್ಲ. ಅವನು ನಮ್ಮ ಕಡೆಯವರು ಮಾಡುವಂತೆಯೇ ಮಾಡಿದ. ಒಂದು ಚಪ್ಪಲಿಯನ್ನು ಕಲ್ಲಿನ ಪಕ್ಕದಲ್ಲಿ ಬಿಟ್ಟ, ಇನ್ನೊಂದನ್ನು ದೂರದ ಕಂಬದ ಹಿಂದೆ ಅಡಗಿಸಿದ. ಒಂಟಿ ಚಪ್ಪಲಿಯನ್ನು ಯಾವ ಕಳ್ಳನೂ ಒಯ್ಯುವುದಿಲ್ಲ.

ಒಳಗೆ ಬುದ್ಧನ ಮುಂದೆ ಕೈಮುಗಿದ. ಮನಸ್ಸು ಹೊರಗೇ ಇತ್ತು. ಬೇಗನೆ ಬಂದು ನೋಡಿದರೆ ಇಟ್ಟ ಕಡೆ ಚಪ್ಪಲಿ ಇಲ್ಲ. ಕಂಬದ ಹಿಂದೆಯೂ ಇಲ್ಲ. ಬಗ್ಗಿ ಸುತ್ತಲೂ ಹುಡುಕಿದ.

ಆಮೇಲೆ ಕಂಡಿತು. ಎರಡು ಚಪ್ಪಲಿಯೂ ಆ ಕಲ್ಲಿನ ಮೇಲೆ ಜೋಡಿಯಾಗಿದ್ದವು, ತುದಿ ದಾರಿಯ ಕಡೆಗೆ. ಒಳಗೆ ಹೋದವರು ಹೊರಬಂದಾಗ ಹಾಗೆಯೇ ಮೆಟ್ಟಿ ನಡೆಯಲೆಂದು ಹೀಗೆ ತಿರುಗಿಸಿಡುವುದು ಅಲ್ಲಿಯ ರೂಢಿ. ಅಂಗಳ ಗುಡಿಸುತ್ತಿದ್ದ ಮುದುಕಿಯೊಬ್ಬಳು ಅವನಿಗೆ ತಲೆಬಾಗಿ ತನ್ನ ಕೆಲಸಕ್ಕೆ ಹೋದಳು.

ಅವನು ಚಪ್ಪಲಿಯನ್ನೇ ನೋಡುತ್ತಾ ನಿಂತ. ಇಷ್ಟು ವರ್ಷಗಳಲ್ಲಿ ದೇವಸ್ಥಾನದಿಂದ ಹೊರಬಂದಾಗ ಅವನು ಒಮ್ಮೆಯೂ ಚಪ್ಪಲಿ ತಿರುಗಿಸಿಕೊಂಡವನಲ್ಲ. ಬರುತ್ತಿದ್ದ, ಕಾಲು ತೂರಿಸುತ್ತಿದ್ದ, ನಡೆಯುತ್ತಿದ್ದ. ಯಾರು ತಿರುಗಿಸಿದರು ಎಂದು ಕೇಳಿರಲಿಲ್ಲ.

ಅವನು ಬೇರೆ ದೇಗುಲಕ್ಕೆ ಹೋಗಲಿಲ್ಲ. ಆ ಕಲ್ಲಿನ ಪಕ್ಕದಲ್ಲೇ ಕೂತ. ಜನ ಜೋಡಿಜೋಡಿಯಾಗಿ ಬಂದರು, ಒಳಗೆ ಹೋದರು. ಅವನಿಗೆ ಕಂಡದ್ದು ಅವರ ಬೆನ್ನು ಮಾತ್ರ. ಅವಳು ಜೀವಮಾನವಿಡೀ ಕಂಡದ್ದೂ ಅಷ್ಟೇ.

ಸಂಜೆ ಬಾಗಿಲು ಹಾಕುವ ಹೊತ್ತಾಯಿತು. ಅವನು ಎದ್ದು ನಿಂತು, ಪಕ್ಕದ ಬರಿಜಾಗದ ಕಡೆ ತಿರುಗಿ, "ಈಗ ನೀನು ಹೋಗಿಬಾ. ನಾನಿದ್ದೀನಿ" ಎಂದ.

ಯಾರೂ ಒಳಗೆ ಹೋಗಲಿಲ್ಲ.

ಗುರುಗಳು ಮಾತು ನಿಲ್ಲಿಸಿದರು. ಗುರುಪಾದಪ್ಪ, "ಅದು ಯಾವ ದೇಗುಲ ಬುದ್ಧಿ? ಅದೊಂದನ್ನು ನೋಡಲೇಬೇಕು" ಎಂದ.

"ನಿಮ್ಮ ಮನೆಯಲ್ಲಿ ಈಗ ಯಾರ ಸರದಿ, ಗುರುಪಾದಪ್ಪ?"