ಅಳಿಸಿದರೂ ಹೋಗದ ಹಾಡು

“ಕೇಳಿರಪ್ಪೋ ಕೇಳಿ! ಮಹಾರಾಜರ ಕಂಪ್ಯೂಟರು ‘ಪಾಲು ಮೀರಿದೆ’ ಎಂದು ಹಟ ಹಿಡಿದು ನಲವತ್ತು ದಿನವಾಯಿತು. ಒಂದಕ್ಷರವನ್ನೂ ಉಳಿಸಿಕೊಳ್ಳುತ್ತಿಲ್ಲ. ರಾಜರ ಮೂರು ಒಗಟು ಬಿಡಿಸಿದವರು ಬೇಡಿದ್ದನ್ನು ಪಡೆಯುತ್ತಾರೆ. ತಪ್ಪಿದವರು ಸೆರೆಮನೆಗೆ. ಸೋಮವಾರದೊಳಗೆ ಯಾರೂ ಬಿಡಿಸದಿದ್ದರೆ ಯಂತ್ರ ನೋಡಿಕೊಳ್ಳುವ ಕಲ್ಲಯ್ಯನಿಗೆ ನೇಣು!”

ಡಂಗುರದವನ ಗಂಟಲೂ ಸೋತಿತ್ತು. ಬೆಟ್ಟದ ಬುಡದ ಛತ್ರದಲ್ಲಿ ಚಾಪೆ ಕೊಡವುತ್ತಿದ್ದ ಮಾಚಯ್ಯ ಅದನ್ನು ಕೆಳಗೆ ಬಿಟ್ಟ. ಕಲ್ಲಯ್ಯ ಅವನ ಒಡಹುಟ್ಟಿದ ಅಣ್ಣ. ಯಾತ್ರಿಕರಿಗೆ ಮಲಗಲು ಜಾಗ ಹಂಚುವುದೊಂದೇ ಮಾಚಯ್ಯನಿಗೆ ಬರುತ್ತಿದ್ದ ಕೆಲಸ. ಆದರೂ ದೇವರಿಗೆ ಕೈಮುಗಿದು ಹೊರಟ. ನಂಬಿ ಹೊರಟವನನ್ನು ಸ್ವಾಮಿ ನಡುದಾರಿಯಲ್ಲಿ ಬಿಡುವನೇ?

ಸೋಮವಾರ ಅರಮನೆ ಸೇರಿದಾಗ ಸಭೆಯೇ ತೂಕಡಿಸುತ್ತಿತ್ತು. ಒಳಮನೆಯಿಂದ ಹೆಂಗಸೊಬ್ಬಳ ದನಿಯಲ್ಲಿ ಶಿವನ ಹಾಡು ಸಣ್ಣಗೆ ಬರುತ್ತಿತ್ತು. ಮುಗಿದೊಡನೆ ಮತ್ತೆ ಮೊದಲಿನಿಂದ.

ನಿದ್ದೆಗೆಟ್ಟ ಕಣ್ಣಿನ ರಾಜ ಕೇಳಿದ: “ಡಿಸ್ಕು ಮುಕ್ಕಾಲು ಖಾಲಿ. ನನಗೆ ಮಾತ್ರ ಜಾಗವಿಲ್ಲ. ಯಾಕೆ?”

“ಡಿಸ್ಕೇ ಸಣ್ಣದು, ಪ್ರಭು. ಹೊಸದು ತಂದಿದ್ದೇನೆ!” ಎಂದ ಸೇನಾಪತಿಯ ಮಗ.

“ಖಾಲಿ ಇದೆಯೆಂದೆನಲ್ಲಪ್ಪ. ಒಯ್ಯಿರಿ ಇವನನ್ನು.”

ಅವನು ಹೋದ, ಡಿಸ್ಕು ಅಲ್ಲೇ ಉಳಿಯಿತು.

ಮಾಚಯ್ಯ ಮುಂದೆ ಬಂದ. “ಛತ್ರದಲ್ಲಿ ನೂರು ಚಾಪೆ ಖಾಲಿ ಇದ್ದರೂ ಆಳಿಗೆ ಒಂದೇ, ಬುದ್ಧಿ. ಡಿಸ್ಕಿನ ಖಾಲಿ ಬೇರೆ, ತಮ್ಮ ಪಾಲು ಬೇರೆ.”

“ರಾಜನಿಗೂ ಪಾಲೇ?”

“ಕಂಪ್ಯೂಟರಿಗೆ ಎಲ್ಲರೂ ಯಾತ್ರಿಕರೇ, ಬುದ್ಧಿ.”

ರಾಜ ತಲೆದೂಗಿದ. “ಹೋದ ವರ್ಷ ಪಾಲಿನಲ್ಲಿ ಅರ್ಧ ಉಳಿದಿತ್ತು. ಆದರೂ ಒಂದು ಸಣ್ಣ ಚೀಟಿ ಇಡಗೊಡಲಿಲ್ಲ. ಯಾಕೆ?”

“ಗಂಟು ಹಗುರವಾದರೂ ಅದಕ್ಕೊಂದು ಗೂಟ ಬೇಕು. ಗೂಟ ಮುಗಿದರೆ ಹತ್ತಿಯ ಗಂಟಿಗೂ ಜಾಗವಿಲ್ಲ. ತಾವು ಸಣ್ಣಸಣ್ಣ ಫೈಲು ಲಕ್ಷಗಟ್ಟಲೆ ಇಟ್ಟಿದ್ದಿರಬೇಕು. ಅವುಗಳ ಎಣಿಕೆಗೂ ಮಿತಿಯಿರುತ್ತದೆ.”

“ಸರಿ. ಕೊನೆಯದು. ನನ್ನ ಅತಿ ದೊಡ್ಡ ಫೈಲನ್ನು ನನ್ನ ಕೈಯಾರೆ ಅಳಿಸಿ ನಲವತ್ತು ದಿನವಾಯಿತು. ಯಾವ ಪಟ್ಟಿಯಲ್ಲೂ ಅದಿಲ್ಲ. ಪಾಲು ಮಾತ್ರ ತುಂಬಿಯೇ ಇದೆ.”

“ಇದೇನು ಮಹಾ!” ಎಂದು ಆಸ್ಥಾನದ ಪಂಡಿತ ನುಗ್ಗಿಬಂದ. “ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಿ.”

“ಬೇಡ!” ರಾಜ ಎದ್ದೇಬಿಟ್ಟ. “ಕಲ್ಲಯ್ಯನೂ ಇದನ್ನೇ ಹೇಳಿ ಸೆರೆ ಸೇರಿದ. ಒಯ್ಯಿರಿ!”

ಸಭೆ ಬೆಚ್ಚಿತು. ಒಳಗೆ ಹಾಡು ಮತ್ತೆ ಮೊದಲಾಯಿತು. ಮಾಚಯ್ಯನಿಗೆ ಗುಟ್ಟು ತಿಳಿಯಿತು.

“ಛತ್ರದ ಪುಸ್ತಕದಲ್ಲಿ ಹೆಸರು ಹೊಡೆದುಹಾಕಬಹುದು, ಬುದ್ಧಿ. ಆದರೆ ಯಾತ್ರಿಕ ಒಳಗೆ ಮಲಗಿರುವವರೆಗೆ ಚಾಪೆ ಖಾಲಿಯಾಗದು. ಅಳಿಸಿದ ಫೈಲನ್ನು ಯಾರೋ ಇನ್ನೂ ತೆರೆದಿಟ್ಟಿದ್ದಾರೆ... ಆ ದನಿ ಮಹಾರಾಣಿಯವರದಲ್ಲವೇ?”

ರಾಜ ಕೂತುಬಿಟ್ಟ. “ಅವಳು ತೀರಿಹೋದಳು. ಅವಳ ಹಾಡು ಕೇಳಲಾರದೆ ಅಳಿಸಿದೆ. ಆದರೆ ಹಾಡುತ್ತಿದ್ದುದನ್ನು ನಿಲ್ಲಿಸಲು ಕೈ ಬರಲಿಲ್ಲ. ನಿಲ್ಲಿಸಿದರೆ ಇಲ್ಲವಾಗುತ್ತದಲ್ಲಪ್ಪ.”

“ನಿಲ್ಲಿಸಿದರೆ ಹೌದು. ತೆರೆದಿರುವಾಗಲೇ ಅದನ್ನು ಬೇರೆಡೆಗೆ ನಕಲು ಮಾಡಿಕೊಳ್ಳಬಹುದೆಂದು ನನ್ನಣ್ಣ ಕಲ್ಲಯ್ಯ ಹೇಳುತ್ತಿದ್ದ. ಆ ವಿದ್ಯೆ ನನಗಿಲ್ಲ, ಅವನಿಗಿದೆ. ನಾನು ಬೇಡುವುದೂ ಅವನನ್ನೇ.”

ಕೋಳ ಕಳಚಿದ ಕಲ್ಲಯ್ಯ ಹಾಡನ್ನು ಸೇನಾಪತಿಯ ಮಗ ಬಿಟ್ಟುಹೋದ ಹೊಸ ಡಿಸ್ಕಿಗೆ ಎತ್ತಿಕೊಂಡ. ಆಲಿಸಿ ನೋಡಿದರು. ಪೂರ್ತಿಯಾಗಿ ಬಂದಿತ್ತು. ಆಮೇಲೆ ರಾಜನೇ ಒಳಗೆ ಹೋಗಿ ಹಳೆಯದನ್ನು ನಿಲ್ಲಿಸಿದ. ಹೊರಬಂದು, ಸೆರೆಯಾದವರೆಲ್ಲರ ಬಿಡುಗಡೆಯ ಆಜ್ಞೆ ಬರೆದ. ಯಂತ್ರ ಚಕಾರವೆತ್ತದೆ ಉಳಿಸಿಕೊಂಡಿತು. ರಾಜನಿಗೆ ಸಿಂಹಾಸನದಲ್ಲೇ ನಿದ್ದೆ ಹತ್ತಿತು.

ಅಣ್ಣತಮ್ಮಂದಿರು ಸದ್ದಾಗದಂತೆ ಬಾಗಿಲು ದಾಟಿದರು. ಅವರ ಆಯಾಸ ನೀಗಿಸಿದ ಸ್ವಾಮಿ, ಈ ಕತೆ ಕೇಳಿದ ನಿಮಗೂ ಒಂದು ಚಾಪೆಯಷ್ಟು ಜಾಗ ಕರುಣಿಸಲಿ.